ತಲ್ಲೂರಿನ ಮನೆಯವರು ತೋರಿಸಿದ ಕಡಲು

ಆಗುಂಬೆ

ನಮ್ಮ ಮಹಾರಾಜರ ಸೀಮೆ ಆಗುಂಬೆಗೆ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಮದರಾಸು ಸರ್ಕಾರ. ಅದುವರೆಗೆ ಮೈಸೂರು ಸಂಸ್ಥಾನದ ಗಡಿಯನ್ನು ದಾಟದಿದ್ದ ನನಗೆ ಅದು ಪರದೇಶವೇ. ಅಮ್ಮನೂ ಹಾಗೆಯೇ ಭಾವಿಸಿದ್ದರೆಂದು ಕಾಣುತ್ತದೆ. ಹೊರಡುವಾಗ ದೇವರ ಮುಂದೆ ನಿಲ್ಲಿಸಿ ಕುಂಕುಮವಿಟ್ಟು, ಅಲ್ಲಿಯ ನೀರನ್ನು ಕಾಯಿಸದೆ ಕುಡಿಯಬೇಡವೆಂದು ಎರಡು ಸಲ ಹೇಳಿದರು.

ಯುದ್ಧ ಮುಗಿದಿತ್ತು, ಅಕ್ಕಿಯ ಕಟ್ಟುನಿಟ್ಟು ಮುಗಿದಿರಲಿಲ್ಲ. ಗಡಿಯ ಕಾವಲಿನವನು ನನ್ನ ಟ್ರಂಕು ಬಿಚ್ಚಿಸಿದ. ಸೀರೆಗಳ ನಡುವೆ ಒಂದು ಚೀಲ ಅವರೆಕಾಯಿ ಇತ್ತು. ಅವರೆ ಧಾನ್ಯವೋ ತರಕಾರಿಯೋ ಎಂಬುದು ಅವನಿಗೆ ತಿಳಿಯಲಿಲ್ಲ. ಒಂದು ಕಾಯಿಯನ್ನು ಬಿಡಿಸಿ ಕಾಳನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದ. ಕೊನೆಗೆ ಹಸಿಯಾಗಿರುವುದರಿಂದ ತರಕಾರಿ ಎಂದು ತೀರ್ಮಾನಿಸಿ ಬಿಟ್ಟುಕೊಟ್ಟ. ಘಟ್ಟ ಇಳಿಯುವ ಸಣ್ಣ ಮೋಟಾರಿನಲ್ಲಿ ನನ್ನ ಜೊತೆ ಕುಳಿತಿದ್ದವರೆಲ್ಲ ಆ ತೀರ್ಮಾನಕ್ಕಾಗಿ ಬಿಸಿಲಿನಲ್ಲಿ ಕಾದರು.

ಸಮುದ್ರ ನೋಡಲು ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಹೊರಟಿದ್ದು ಜಲಜಳನ್ನು ಕರೆದುಕೊಂಡು ಬರಲು. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಪದವಿಯಾದ ಮೇಲೆ ಒಂದೇ ಶಾಲೆಯಲ್ಲಿ ಪಾಠ ಹೇಳುವುದು, ಒಂದು ಚಿಕ್ಕ ಮನೆ ಹಿಡಿಯುವುದು ಎಂದು ಮಾತಾಗಿತ್ತು. ಕೊನೆಯ ಪರೀಕ್ಷೆ ಮುಗಿದ ಕೂಡಲೇ ಅವಳ ತಾಯಿ ತೀರಿಕೊಂಡರು. ಊರಿಗೆ ಹೋದವಳು ಅಲ್ಲಿಯೇ ಉಳಿದಳು. ಮದುವೆಯೂ ಆಯಿತು. ಈಗ ನಮ್ಮ ಶಾಲೆಯಲ್ಲಿ ಗಣಿತ ಹೇಳುವವರ ಸ್ಥಾನ ತೆರವಾಗಿತ್ತು. ಸಂಕ್ರಾಂತಿಯವರೆಗೆ ಅವಳಿಗಾಗಿ ಕಾಯುತ್ತೇನೆಂದು ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದರು. ಬರೆದು ತಿಳಿಸಿದರೆ, ಈಗ ಬರಲಾಗದು, ನೀನೇ ಒಮ್ಮೆ ಬಂದು ಹೋಗು ಎಂದಷ್ಟೇ ಉತ್ತರ ಬಂತು. ಗಂಡನ ಕಡೆಯವರು ಬಿಡುತ್ತಿಲ್ಲವೆಂದು ನಾನು ಅರ್ಥಮಾಡಿಕೊಂಡೆ. ಕಂಡು ಮಾತನಾಡಿದರೆ ಒಪ್ಪಿಸಬಹುದು ಎಂಬ ಧೈರ್ಯ ನನಗಿತ್ತು.

ಬ್ರಹ್ಮಾವರ, ಕೋಟ

ಬ್ರಹ್ಮಾವರದಲ್ಲಿ ಬಸ್ಸು ಬದಲಿಸಬೇಕು. ಜಲಜ ಅಲ್ಲಿಯವರೆಗೆ ಬಂದು ನಿಂತಿದ್ದಳು. ಮೊದಲಿಗಿಂತ ಕಪ್ಪಗೆ, ಮೊದಲಿಗಿಂತ ಗಟ್ಟಿಯಾಗಿ ಕಂಡಳು. ಜೊತೆಗೆ ಅವಳ ದೊಡ್ಡಮ್ಮ ಇದ್ದರು, ಕೋಟದ ಅಡಿಗೆ ಭಟ್ಟರೊಬ್ಬರಿದ್ದರು. ನಾನು ಮೀನು ಮುಟ್ಟದವಳೆಂದು ತಿಳಿದು, ನಾನಿರುವಷ್ಟು ದಿನವೂ ನನಗೆ ಬೇರೆ ಒಲೆ, ಹೊಸ ಮಡಕೆ, ಬೇರೆ ಅಡಿಗೆಯವರು ಎಂದು ದೊಡ್ಡಮ್ಮ ಏರ್ಪಾಡು ಮಾಡಿದ್ದರು. ನನಗೆ ನಾಚಿಕೆಯಾಯಿತು. ಭಟ್ಟರು ಅವರೆಯ ಚೀಲವನ್ನು ತಾವೇ ಎತ್ತಿಕೊಂಡರು. ಮುಂದೆ ನಾವು ಹೋದಲ್ಲೆಲ್ಲ ಭಟ್ಟರೂ ಅವರ ಪಾತ್ರೆಗಳೂ ಬಂದವು.

ನಮ್ಮಲ್ಲಿ ರಸ್ತೆ ಎಂದರೆ ಊರಿನಿಂದ ಊರಿಗೆ ಹೋಗುವುದು. ಇಲ್ಲಿ ರಸ್ತೆ ಹೊಳೆಯಿಂದ ಹೊಳೆಗೆ ಹೋಗುತ್ತದೆ. ಸ್ವಲ್ಪ ದೂರ ಹೋದ ಬಸ್ಸು ನೀರಿನ ಮುಂದೆ ನಿಲ್ಲುತ್ತದೆ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಾಲಿನ ಮೇಲೆ ಜನ, ಕೋಳಿ, ಬುಟ್ಟಿ, ಕೆಲವು ಸಲ ಮೋಟಾರು ಕೂಡ ಆಚೆ ದಡಕ್ಕೆ ಹೋಗಬೇಕು. ನಾನು ಕೈಗಡಿಯಾರ ನೋಡಿದೆ. ಅಲ್ಲಿ ಹಾಗೆ ನೋಡಿದವಳು ನಾನೊಬ್ಬಳೇ. ಕೋಟದ ಬಸ್ಸು ನಿಲ್ಲುವಲ್ಲಿ ಭಟ್ಟರಿಗೆ ಸಿಕ್ಕವರೆಲ್ಲ ನಾನು ಯಾರೆಂದು ಕೇಳಿದರು. ನನ್ನನ್ನು ಕೇಳಲಿಲ್ಲ, ಭಟ್ಟರನ್ನು ಕೇಳಿದರು. ಘಟ್ಟದ ಮೇಲಿನವರು, ಕಡಲು ಕಾಣಲು ಬಂದವರು ಎಂದು ಅವರು ಹೇಳುತ್ತ ಹೋದರು. ಜಲಜಳ ಊರಾದ ತಲ್ಲೂರನ್ನು ತಲಪುವ ಹೊತ್ತಿಗೆ ಅದು ನನ್ನ ಹೆಸರೇ ಆಗಿಬಿಟ್ಟಿತ್ತು.

ತಲ್ಲೂರು

ಮನೆಯ ಮುಂದೆ ಗದ್ದೆ, ಗದ್ದೆಯಾಚೆ ಹೊಳೆ. ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಟ್ಟ ಮೇಲೆಯೇ ದೊಡ್ಡಮ್ಮ ಮಾತಿಗೆ ಕುಳಿತರು.

"ಕಡಲ್ ಕಾಂಬುಕೆ ಬಂದದ್ದಲ್ದಾ? ಎಲ್ಲ ತೋರ್ಸುವ. ಅವಸರ ಮಾಡುಕಾಗ."

ಅವಸರ ನನಗಿತ್ತು. ಜಲಜಳೊಡನೆ ಒಂದು ಗಳಿಗೆ ಒಂಟಿಯಾಗಿ ಸಿಕ್ಕರೆ ಸಾಕಿತ್ತು. ಆದರೆ ಆ ಸೀಮೆಯಲ್ಲಿ ಬಂದ ನೆಂಟರನ್ನು ಒಂಟಿಯಾಗಿ ಬಿಡುವುದು ಅವಮಾನ ಮಾಡಿದಂತೆ. ಬಾವಿಕಟ್ಟೆಗೆ ಹೋದರೆ ಒಬ್ಬರು ಹಿಂದೆ ಬರುತ್ತಿದ್ದರು. ಜಗಲಿಯಲ್ಲಿ ಪುಸ್ತಕ ತೆರೆದರೆ, ಪಾಪ, ಬೇಸರವಾಗಿರಬೇಕೆಂದು ಇಬ್ಬರು ಬಂದು ಕುಳಿತುಕೊಳ್ಳುತ್ತಿದ್ದರು. ಮಲಗುವಾಗ ಜಲಜಳ ಚಾಪೆಗೂ ನನ್ನ ಚಾಪೆಗೂ ನಡುವೆ ದೊಡ್ಡಮ್ಮನ ಚಾಪೆ. ನಮ್ಮ ಮನೆಗಳಲ್ಲಿ ಬಂದವರಿಗೆ ಒಂದು ಕೋಣೆ ಕೊಟ್ಟು ಬಾಗಿಲು ಮುಂದೆ ಮಾಡುವುದೇ ಮರ್ಯಾದೆ. ಇಲ್ಲಿ ಬಾಗಿಲು ಮುಚ್ಚಿಕೊಂಡವರಿಗೆ ಜ್ವರ ಬಂದಿದೆಯೇ ಎಂದು ಕೇಳುತ್ತಾರೆ.

ಜಲಜಳನ್ನು ದೂರದಿಂದ ನೋಡುತ್ತಿದ್ದೆ. ಹಾಸ್ಟೆಲಿನಲ್ಲಿ ಅವಳು ಊಟದ ಸಾಲಿನ ಕೊನೆಯಲ್ಲಿ ಕೂರುತ್ತಿದ್ದವಳು. ಎರಡನೆಯ ಸಲ ಸಾರು ಬೇಕೆಂದು ಕೇಳಲೂ ಹಿಂಜರಿಯುತ್ತಿದ್ದವಳು. ಇಲ್ಲಿ ಬೆಳಗಾದರೆ ಅಂಗಳದಲ್ಲಿ ನಾಲ್ಕು ಜನ ಅವಳಿಗಾಗಿ ಕಾಯುತ್ತಿದ್ದರು. ಯಾವ ಗದ್ದೆಗೆ ಉದ್ದು ಬಿತ್ತುವುದು, ಅಂಚು ಕಡಿದವರು ಯಾರು, ಕರು ಹಾಕಿದ ಹಸುವಿಗೆ ಏನು ಕೊಡುವುದು ಎಂದು ಅವಳನ್ನೇ ಕೇಳುತ್ತಿದ್ದರು. ಮನೆಯ ಯಜಮಾನಿಕೆ ಅವಳ ಸೋದರಮಾವನದು. ಅವರು ಕೂಡ ಜಗಲಿಯಿಂದ ತಲೆಯೆತ್ತಿ, ಜಲಜಳನ್ನು ಕೇಳಿ ಎನ್ನುತ್ತಿದ್ದರು. ಇಷ್ಟು ಓದಿದವಳ ತಲೆಯ ಮೇಲೆ ಎಷ್ಟು ಹೊರೆ ಹೊರಿಸಿದ್ದಾರೆ ಎಂದು ನನಗೆ ಮರುಕವಾಯಿತು.

ಶನಿವಾರ ಸಂಜೆ ಅವಳ ಗಂಡ ಸಂಜೀವ ಶೆಟ್ಟರು ಬಂದರು. ಹೆಮ್ಮಾಡಿಯಲ್ಲಿರುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಅಲ್ಲಿ ಉದ್ಯೋಗವಿರಬೇಕೆಂದು ತಿಳಿದೆ. ಮಿತವಾಗಿ ಮಾತನಾಡುವ, ನಗುವ ಕಣ್ಣಿನ ಮನುಷ್ಯ. ಕಾಲು ತೊಳೆದು, ಕರೆಯುವವರೆಗೆ ಜಗಲಿಯಲ್ಲಿ ಕುಳಿತಿದ್ದರು. ಕಠಿಣರಂತೆ ಕಾಣಲಿಲ್ಲ. ಇವರನ್ನು ಕೇಳಬಹುದು ಎನ್ನಿಸಿತು.

ಕುದ್ರು

ಹೊಳೆಯ ನಡುವೆ ತೆಂಗು ತುಂಬಿದ ಚಿಕ್ಕ ನಡುಗಡ್ಡೆಗಳಿವೆ. ಅವನ್ನು ಕುದ್ರು ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಮೊದಲು ಕುದ್ರು ತೋರಿಸಬೇಕೆಂದು ದೊಡ್ಡಮ್ಮ ನಿಶ್ಚಯಿಸಿದರು. ದೋಣಿಯಲ್ಲಿ ನಾವು, ನೆರೆಮನೆಯ ಹೆಂಗಸರು, ಭಟ್ಟರು, ಭಟ್ಟರ ಮಡಕೆಗಳು. ಜಲಜ ಒಂದು ತುದಿ, ನಾನು ಇನ್ನೊಂದು ತುದಿ. ದೋಣಿ ತೂಗಿಸಲು ಹಾಗೆ ಕೂರಿಸಿದರು.

ಕುದ್ರುವಿನಲ್ಲಿ ನೋಡುವುದಕ್ಕೆ ವಿಶೇಷವೇನೂ ಇಲ್ಲ. ಅದೇ ಅಲ್ಲಿನ ವಿಶೇಷ. ನೀರು ನಾಲ್ಕು ಕಡೆ ಮಿನುಗುತ್ತಿರುತ್ತದೆ. ತೆಂಗಿನ ನೆರಳು ಮೆಲ್ಲಗೆ ಜರುಗುತ್ತಿರುತ್ತದೆ. ಹೆಂಗಸರು ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ಹೆಕ್ಕಿದರು. ಭಟ್ಟರು ಅವರಿಗೆ ಬೆನ್ನು ಮಾಡಿ ನನ್ನ ಅನ್ನ ಬೇಯಿಸಿದರು. ಹಿಂದಿರುಗುವಾಗ ಹೊಳೆ ಇಳಿದು ದೋಣಿ ಕೆಸರಿಗೆ ಕಚ್ಚಿಕೊಂಡಿತು. ನಾನು ಗಾಬರಿಯಾದದ್ದನ್ನು ಕಂಡು ದೊಡ್ಡಮ್ಮ ಎಲೆಯಡಿಕೆ ಬಿಚ್ಚಿದರು. ನೀರು ಬಂದಲ್ಲದೆ ದೋಣಿ ಅಲುಗುವುದಿಲ್ಲ, ಬೈದರೆ ಬೇಗ ಬರುವುದಿಲ್ಲ ಎಂದರು. ಉಬ್ಬರ ಏರುವವರೆಗೆ ಕುಳಿತೆವು.

ನಾನು ಜಲಜಳನ್ನು ನೋಡಿದೆ. ದೋಣಿಯಿಂದ ಇಳಿದು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಯಾರಿಗೋ ಏನೋ ಹೇಳಿ ನಗುತ್ತಿದ್ದಳು. ಹಾಸ್ಟೆಲಿನಲ್ಲಿ ಅವಳು ಹಾಗೆ ಬಾಯಿ ತೆರೆದು ನಕ್ಕದ್ದನ್ನು ಕಂಡಿರಲಿಲ್ಲ. ನನಗಾಗಿ ನಗುತ್ತಿದ್ದಾಳೆ, ನೆಂಟರ ಎದುರಿಗೆ ದುಃಖ ತೋರಿಸಬಾರದೆಂದು, ಎಂದುಕೊಂಡೆ.

ಬೈಂದೂರು

ಕಡಲು ತೋರಿಸುವುದು ಕೊನೆಗೆ. ಬೈಂದೂರಿನವರೆಗೆ ಹೋಗುವುದೆಂದಾಯಿತು. ಹೆಮ್ಮಾಡಿಯಲ್ಲಿ ಸಂಜೀವ ಶೆಟ್ಟರು ಬಸ್ಸು ಹತ್ತಿದರು. ಮತ್ತೊಂದು ಹೊಳೆ, ಮತ್ತೊಂದು ಜಂಗಾಲು. ಅದನ್ನು ದಾಟಿದ ಮೇಲೆ ಎಡಗಡೆ ಇದ್ದಕ್ಕಿದ್ದ ಹಾಗೆ ಕಡಲು ಕಾಣಿಸಿತು. ನಾನು ಎದ್ದು ನಿಂತುಬಿಟ್ಟೆ. ಯಾರೂ ನಗಲಿಲ್ಲ. ಡ್ರೈವರು ಮಾತ್ರ ಬಸ್ಸನ್ನು ಸ್ವಲ್ಪ ನಿಧಾನ ಮಾಡಿದ. ಹಾಸ್ಟೆಲಿನ ಕಿಟಕಿಯಲ್ಲಿ ಕುಳಿತು ಜಲಜ ಇದನ್ನು ನನಗೆ ಎಷ್ಟೋ ಸಲ ವರ್ಣಿಸಿದ್ದಳು. ನನ್ನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಕಡಲು ಇದಕ್ಕಿಂತ ಚಿಕ್ಕದು, ಇದಕ್ಕಿಂತ ನೀಲಿ. ಅದರ ದಡದಲ್ಲಿ ನಾವಿಬ್ಬರೇ ಇದ್ದೆವು.

ಬೈಂದೂರಿನಲ್ಲಿ ಕಡಲಿಗೆ ಮುಖ ಮಾಡಿ ಸೋಮೇಶ್ವರ ದೇವಸ್ಥಾನವಿದೆ. ದೊಡ್ಡಮ್ಮ, ಜಲಜ, ಭಟ್ಟರು ಒಳಗೆ ಪ್ರದಕ್ಷಿಣೆಗೆ ಹೋದರು. ನಾನು ಚಪ್ಪಲಿಯ ನೆವದಲ್ಲಿ ಹೊರಗೆ ಉಳಿದೆ. ಸಂಜೀವ ಶೆಟ್ಟರು ಕಟ್ಟೆಯ ಮೇಲೆ ಕುಳಿತಿದ್ದರು. ಅಪರಿಚಿತ ಗಂಡಸರೊಡನೆ ನಾನಾಗಿ ಮಾತೆತ್ತುವುದು ನನ್ನ ಸ್ವಭಾವವಲ್ಲ. ಆದರೂ ಸಿದ್ಧಮಾಡಿಕೊಂಡಿದ್ದ ವಾಕ್ಯಗಳನ್ನು ಒಂದೊಂದಾಗಿ ಹೇಳಿದೆ. ಶಾಲೆ ಒಳ್ಳೆಯದು, ನಾನು ಜೊತೆಗಿರುತ್ತೇನೆ, ರಜೆಗಳಲ್ಲಿ ಊರಿಗೆ ಬರುತ್ತಾಳೆ. ತಾವು ದೊಡ್ಡ ಮನಸ್ಸು ಮಾಡಿ ಜಲಜಳನ್ನು ಕಳುಹಿಸಿಕೊಡಬೇಕು ಎಂದೆ.

ನಾನು ತಮಾಷೆ ಮಾಡುತ್ತಿಲ್ಲವೆಂದು ಖಚಿತವಾದ ಮೇಲೆ ಅವರು ಕೇಳಿದರು.

"ನೀವ್ ನನ್ನತ್ರ ಎಂತಕ್ ಕೇಂತ್ರಿ?"

"ನೀವು ಅವಳ ಯಜಮಾನರು."

"ಯಜಮಾನ ನಾನಾ?" ಅವರಿಗೆ ನಗು ತಡೆಯಲಾಗಲಿಲ್ಲ. "ಆ ಮನಿ ಅವ್ಳದ್. ನಾನ್ ವಾರಕ್ಕೊಂದ್ ಸಲ ಬಪ್ಪ ನೆಂಟ. ನಿಮ್ಗೂ ನಂಗೂ ಒಂದೇ ನಮೂನಿ ಲೋಟದಗೆ ಕಾಫಿ ಕೊಡ್ತ್ರ್, ಕಂಡಿಲ್ಯಾ?"

ಘಟ್ಟದ ಮೇಲಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆ ಸೀಮೆಯ ಕೆಲವು ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ನಡೆಯುತ್ತದೆ. ಮನೆ, ಗದ್ದೆ, ಹೆಸರು ಎಲ್ಲವೂ ತಾಯಿಯಿಂದ ಮಗಳಿಗೆ. ಸೋದರಮಾವ ನಡೆಸಿಕೊಂಡು ಹೋಗುತ್ತಾನೆ, ಆದರೆ ಮನೆ ಮುಂದುವರಿಯುವುದು ಹೆಣ್ಣಿನಿಂದ. ಗಂಡನಿಗೆ ಅವನ ತಾಯಿಯ ಮನೆ ಬೇರೆ ಇರುತ್ತದೆ. ಸಂಜೀವ ಶೆಟ್ಟರಿಗೆ ಹೆಮ್ಮಾಡಿಯಲ್ಲಿ ಇದ್ದದ್ದು ಉದ್ಯೋಗವಲ್ಲ, ಅವರ ಅಕ್ಕತಂಗಿಯರ ಮನೆ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ತಾಯಿ ತೀರಿದ ಮೇಲೆ ತಲ್ಲೂರಿನ ಮನೆಗೆ ಉಳಿದ ಹೆಣ್ಣು ಜಲಜ ಒಬ್ಬಳೇ. ಇದನ್ನೆಲ್ಲ ಅವಳು ಹಾಸ್ಟೆಲಿನಲ್ಲಿ ಒಮ್ಮೆ ಹೇಳಿದ್ದಿರಬೇಕು. ನಾನು ಅದನ್ನು ಚರಿತ್ರೆಯ ಪಾಠದಂತೆ ಕೇಳಿ ಮರೆತಿದ್ದೆ.

ಹಾಗಾದರೆ ತಡೆದವರು ಸೋದರಮಾವನೇ ಎಂದು ಕೇಳಿದೆ. ಶೆಟ್ಟರು ಈಗ ನಗುತ್ತಿರಲಿಲ್ಲ.

"ಕೆಲ್ಸದ್ ಸುದ್ದಿ ಅವ್ಳೇ ಹೇಳಿದ್ಲ್. ಎರಡ್ ವರ್ಷ ಹೋಯ್ ಬಾ ಅಂದೆ ನಾನ್. ಮಾವನೂ ಹಾಂಗೇ ಅಂದ್ರ್, ದೊಡ್ಡಮ್ಮನೂ ಅಂದ್ರ್. ಅವ್ಳೇ ಒಪ್ಲಿಲ್ಲೆ."

ಕಡಲ ಸದ್ದು ಅದುವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲವೇನೋ. ಆಗ ಕೇಳಿಸಿತು.

ಬಲೆ ಎಳೆಯುವಲ್ಲಿ

ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಇದು ಊರಿಗೆ ಊರೇ ಸೇರಿ ಎಳೆಯುವ ಬಲೆ. ದೋಣಿ ಅದನ್ನು ಕಡಲಿನಲ್ಲಿ ದೊಡ್ಡ ಅರ್ಧವೃತ್ತವಾಗಿ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ದಡದಿಂದ ಎಳೆಯುತ್ತಾರೆ. ಗಂಡಸರು, ಹೆಂಗಸರು, ದಾರಿಯಲ್ಲಿ ಹೋಗುವವರು, ಯಾರು ಬೇಕಾದರೂ ಕೈಹಾಕಬಹುದು. ಕೈಹಾಕಿದವರು ಬಲೆ ದಡ ಮುಟ್ಟುವ ತನಕ ಬಿಡಬಾರದು.

ಸಂಜೀವ ಶೆಟ್ಟರು ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, ಎಲ್ಲರೂ ಹೊರಗೆ ಬಂದಾಗ, ಇವರಿಗೆ ಹಗ್ಗ ಎಳೆಯಬೇಕಂತೆ, ಜಲಜ ಕರೆದುಕೊಂಡು ಹೋಗಲಿ ಎಂದರು. ದೊಡ್ಡಮ್ಮನೂ ಹೊರಟರು. ಹೊಯ್ಗೆಯಲ್ಲಿ ನಿಮ್ಮ ಕಾಲು ಹೂತು ಹೋಗುತ್ತದೆ ಎಂದು ಶೆಟ್ಟರು ಅವರನ್ನು ನೆರಳಿನಲ್ಲಿ ಕೂರಿಸಿ ಎಳನೀರು ತರಿಸಿದರು. ಹಾಗೆ, ಅಷ್ಟು ದಿನಗಳಲ್ಲಿ ಮೊದಲ ಸಲ, ಅಷ್ಟೊಂದು ಜನರ ನಡುವೆ, ನಾನು ಮತ್ತು ಜಲಜ ಇಬ್ಬರೇ ಆದೆವು.

ಹಗ್ಗ ಒದ್ದೆಯಾಗಿ ತೋಳಿನಷ್ಟು ದಪ್ಪವಿತ್ತು. ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಮುಖ ಕಡಲಿಗೆ, ಬೆನ್ನು ಊರಿಗೆ. ಬಲೆಯ ಯಜಮಾನ ಕೂಗಿದಾಗ ಎಲ್ಲರೂ ಒಂದೇ ಸಲ ಎಳೆಯಬೇಕು. ನಡುವೆ ಉಸಿರಾಡಲು ಒಂದಿಷ್ಟು ಬಿಡುವು. ನನ್ನ ಕಾಲು ಜಾರಿತು. ನನ್ನ ಹಿಂದಿದ್ದ ಮುದುಕಿ ಬೊಚ್ಚುಬಾಯಿ ಬಿಟ್ಟು ಕೇಳಿದಳು:

"ಹ್ವಾಯ್, ಘಟ್ಟದ್ ಮೇಲಿನವ್ರೇ, ಹಗ್ಗ ಎಳೂದಾ, ಹಗ್ಗಕ್ ಜೋತ್ ಬೀಳೂದಾ?"

ಸಾಲೆಲ್ಲ ನಕ್ಕಿತು. ಜಲಜ ಕೂಡ ನಕ್ಕಳು. ಅವಳು ನನ್ನ ಮುಂದೆಯೇ ಇದ್ದಳು. ನನಗೆ ಅವಳ ಜಡೆ, ಹೆಗಲು ಮಾತ್ರ ಕಾಣುತ್ತಿತ್ತು. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಅವಳ ಗಂಡನನ್ನು ಕೇಳಿದೆನೆಂದೂ ಅವರು ಏನು ಹೇಳಿದರೆಂದೂ ಒಂದು ಬಿಡುವಿನಲ್ಲಿ ಹೇಳಿದೆ.

ಮುಂದಿನ ಕೂಗಿಗೆ ಎಳೆದೆವು. ಹಾಸ್ಟೆಲಿನಲ್ಲಿ ನನ್ನೊಡನೆ ನನ್ನ ಹಾಗೆಯೇ ಮಾತನಾಡುತ್ತಿದ್ದವಳು ಈಗ ತನ್ನ ಊರಿನ ಮಾತಿನಲ್ಲಿ ಉತ್ತರ ಕೊಟ್ಟಳು.

"ಯಾರೂ ಕಟ್ ಹಾಕಿಲ್ಲೆ ಮಾರಾಯ್ತಿ. ನಂಗೇ ಹೋಪುಕೆ ಮನಸಿಲ್ಲೆ."

"ಮೈಸೂರು ನಿನಗೆ ಇಷ್ಟವಿರಲಿಲ್ಲವೇ?"

"ಇಷ್ಟ ಇತ್. ನೀನ್ ಇದ್ದಿದ್ದೆ ಅಲ್ದಾ." ಹಗ್ಗದ ಹಿಡಿತ ಬದಲಿಸಿದಳು. "ಆರೆ ಅಲ್ಲಿ ನಾನ್ ಬಂದವ್ಳ್. ಇಲ್ಲಿ ಇಪ್ಪವ್ಳ್."

ಕೂಗು ಬಂತು. ಎಳೆದೆವು. ಅಲೆ ಬಂದು ಮುಂದಿನವರ ಮೊಣಕಾಲು ತೋಯಿಸಿ ಹೋಯಿತು. ಬರೆದು ತಿಳಿಸಬಹುದಾಗಿತ್ತು ಎಂದೆ. ಅದನ್ನು ಬರೆಯಲು ಆಗಲಿಲ್ಲವೆಂದಳು. ಬರೆದರೆ ನೀನು ಬರುತ್ತಿರಲಿಲ್ಲ, ಒಮ್ಮೆ ನೋಡಬೇಕೆಂದು ಆಸೆಯಿತ್ತು ಎಂದಳು. ಆಮೇಲೆ, ತಿರುಗದೆಯೇ, ನಾನು ಎಂದೂ ಕೇಳಿಕೊಳ್ಳದಿದ್ದ ಪ್ರಶ್ನೆಯೊಂದನ್ನು ಕೇಳಿದಳು.

"ಕುಂದಾಪ್ರದಗೂ ಹೆಣ್ಮಕ್ಳ್ ಶಾಲಿ ಇತ್. ನೀನೇ ಇಲ್ಲಿಗ್ ಬಪ್ಪುಕಾತಿಲ್ಯಾ?"

"ನಾನು ಹೇಗೆ ಬರಲಿ?" ಎಂದುಬಿಟ್ಟೆ.

ಯೋಚಿಸದೆ ಹೇಳಿದ ಮಾತು. ಹೇಳಿದ ಮೇಲೆ ಕಾರಣಗಳನ್ನು ಹುಡುಕಿದೆ. ಅಮ್ಮ, ನಮ್ಮ ಬೀದಿ, ಸಂಜೆಯ ಪುಸ್ತಕ ಭಂಡಾರ, ಒಣಹವೆ, ಬಾಗಿಲು ಮುಚ್ಚಿಕೊಳ್ಳಬಹುದಾದ ನನ್ನ ಕೋಣೆ. ಬಿಟ್ಟು ಬಾ ಎಂದು ಅವಳಿಗೆ ಹೇಳಲು ನಾನು ಬಂದಿದ್ದ ಮನೆ, ಗದ್ದೆ, ಹೊಳೆಗಳಿಗಿಂತ ಅವು ದೊಡ್ಡವೇನಲ್ಲ. ಆದರೂ ಬಿಡಲಾರೆ. ಅವಳು ನನ್ನ ಕಾರಣಗಳನ್ನು ಕೇಳಲಿಲ್ಲ. ಹಗ್ಗದ ಮೇಲೆ ಹಿಂದಕ್ಕೆ ಸರಿದ ಅವಳ ಕೈ ನನ್ನ ಕೈಗೆ ತಾಗಿತು. ಮುಂದಿನ ಕೂಗಿನವರೆಗೆ ಅವಳು ಅದನ್ನು ಅಲ್ಲಿಯೇ ಇಟ್ಟಿದ್ದಳು.

ಬಲೆ ದಡಕ್ಕೆ ಬಂತು. ಬೆಳ್ಳಿಯ ರಾಶಿ ಜೀವ ಬಂದಂತೆ ಕುಣಿಯಿತು. ಹಂಚುವಾಗ ಆ ಮುದುಕಿ ನನ್ನ ಕೈಗೂ ಒಂದು ಎಲೆಯ ತುಂಬ ಮೀನು ಇಟ್ಟಳು. ನಾನು ತಿನ್ನುವವಳಲ್ಲ ಎಂದೆ.

"ಹಗ್ಗ ಹಿಡ್ದವ್ರಿಗ್ ಪಾಲಿತ್. ತಿಂಬುದ್ ಬಿಡುದ್ ನಿಮ್ಗ್ ಬಿಟ್ಟದ್."

ಎರಡು ಕೈಯಲ್ಲೂ ಹಿಡಿದು ನೆರಳಿಗೆ ಬಂದೆ. ಭಟ್ಟರು ಎದ್ದು ಇನ್ನೊಂದು ಮರದ ಕೆಳಗೆ ಹೋದರು. ಬಸ್ಸಿನಲ್ಲಿಯೂ ಅವರು ಹಿಂದಿನ ಬೆಂಚಿಗೆ ಹೋದರು. ದೊಡ್ಡಮ್ಮ ಹೆಮ್ಮಾಡಿಯವರೆಗೂ ನಕ್ಕರು. ಘಟ್ಟದ ಮೇಲಿಂದ ಬಂದವರು ನೆಂಟರಿಗೆ ಮೀನು ಹಿಡಿದು ತಂದರು ಎಂದು ಬಸ್ಸು ಹತ್ತಿದವರಿಗೆಲ್ಲ ಹೇಳಿದರು. ಶೆಟ್ಟರು ಆ ಎಲೆಯನ್ನು ತೆಗೆದುಕೊಂಡು ತಮ್ಮ ಅಕ್ಕನ ಮನೆಗೆ ಇಳಿದುಹೋದರು.

ಮತ್ತೆ ಬ್ರಹ್ಮಾವರ

ಹೊರಡುವ ದಿನ ಬ್ರಹ್ಮಾವರದವರೆಗೆ ಜಲಜ ಒಬ್ಬಳೇ ಬಂದಳು. ದೊಡ್ಡಮ್ಮ ಬರಲಿಲ್ಲ. ಬಂದವರ ಜೊತೆ ಹತ್ತು ಜನ, ಹೋಗುವವರ ಜೊತೆ ಒಬ್ಬರು, ಅಲ್ಲಿಯ ರೂಢಿ ಹಾಗೆ ಎಂದು ತಿಳಿದೆ. ಅಷ್ಟು ದಿನ ನಾನು ಬಯಸಿದ್ದ ಏಕಾಂತ ಕೈಗೆ ಬಂದಿತ್ತು. ಜಂಗಾಲಿನ ಅಂಚಿನಲ್ಲಿ ಇಬ್ಬರೇ ನಿಂತೆವು. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಉದ್ದಿನ ಬೆಳೆಯ ವಿಷಯ ಮಾತನಾಡಿದೆವು. ಹಾಸ್ಟೆಲಿನ ಅಡಿಗೆಯವಳು ಈಗ ಎಲ್ಲಿದ್ದಾಳೆಂದು ಅವಳು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಹೆಬ್ರಿಯ ಬಸ್ಸು ಬಂತು. ಟ್ರಂಕನ್ನು ಮೇಲಕ್ಕೆ ಕಟ್ಟುವಾಗ ಹಗ್ಗ ಸರಿಯಾಗಿಲ್ಲವೆಂದು ಕಂಡಕ್ಟರನಿಗೆ ಹೇಳಿ ಮತ್ತೊಮ್ಮೆ ಕಟ್ಟಿಸಿದಳು. ನಾನು ಕಿಟಕಿಯ ಬಳಿ ಕುಳಿತೆ. ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ. ಅಲ್ಲಿಯವರು ಕೈ ಬೀಸುವುದಿಲ್ಲ. ತಿರುವಿನವರೆಗೆ ನಿಂತಿದ್ದಳು. ತಿರುವಿನ ಆಚೆಯೂ ನಿಂತಿದ್ದಿರಬಹುದು.

ಶಾಲೆ ತೆರೆದ ದಿನ ಮುಖ್ಯೋಪಾಧ್ಯಾಯಿನಿಯವರು ಕರೆದು ಕೇಳಿದರು. ಆ ಜಾಗ ಬೇರೆಯವರಿಗೆ ಕೊಡಬಹುದು ಎಂದೆ. ಅವರಿಗೆ ಬೇಸರವಾಯಿತು. ಈ ಊರಿನ ಕಡೆಯ ಗಂಡಂದಿರೇ ಆಗಲಿ, ಆ ಊರಿನವರೇ ಆಗಲಿ, ಎಲ್ಲ ಒಂದೇ ಎಂದರು. ಅವಳ ಮನೆಯವರು ಬಿಡಲಿಲ್ಲವಲ್ಲವೇ ಎಂದು ಕೇಳಿದರು.

ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ನನ್ನನ್ನೂ ಅವಳನ್ನೂ ಕನಿಕರದಿಂದ ನೋಡುತ್ತಿದ್ದರು.

"ಎಲ್ಲರೂ ಹೋಗೆಂದರು. ಅವಳಿಗೆ ಅಲ್ಲಿಯೇ ಇಷ್ಟ" ಎಂದೆ.

ನಾನು ಇನ್ನೂ ಏನಾದರೂ ಹೇಳಬಹುದೆಂದು ಅವರು ಕಾದರು. ಗಂಟೆ ಹೊಡೆಯಿತು. ಗಣಿತದವರು ಇಲ್ಲದ ತರಗತಿಗೆ ಆ ದಿನ ನಾನೇ ಹೋದೆ.